ನೀಲಮ್ಮ ಅಕ್ಕೋರ ಮುಂಜಾನೆಯ ಸೂಜಿ

ಬೇರೆಯವರ ಮನೆಯಲ್ಲಿ ಮುಂಜಾನೆ ಎದ್ದ ಕೂಡಲೇ ಚಹಾ ಕುದಿಯುತ್ತಿತ್ತು. ನೀಲಮ್ಮ ಅಕ್ಕೋರ ಖೋಲಿಯಲ್ಲಿ ಸೂಜಿ ಕುದಿಯುತ್ತಿತ್ತು. ಸ್ಟೋವಿನ ಮೇಲೆ ಪುಟ್ಟ ಅಲ್ಯೂಮಿನಿಯಂ ಪಾತ್ರೆ, ಅದರೊಳಗೆ ಗಾಜಿನ ಸಿರಿಂಜು, ಪಕ್ಕದಲ್ಲಿ ಎರಡು ಸೂಜಿ. ನೀರಿಗೆ ಕುದಿ ಬಂದಂತೆ ಅವು ಪಾತ್ರೆಗೆ ಬಡಿದು ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ನಾನಾಗ ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಕಲಿಸಲು ಲಿಂಗಸುಗೂರಿನಿಂದ ಹೊಸದಾಗಿ ಬಂದಿದ್ದೆ. ಎಡದಂಡೆ ಕಾಲುವೆಯ ನೀರು ಹೊಲಗಳಿಗೆ ಇಳಿದು, ಜೋಳದ ಎರೆಭೂಮಿಯಲ್ಲಿ ನೆಲ್ಲು ನಿಲ್ಲತೊಡಗಿದ್ದ ಕಾಲ. ಊರಲ್ಲಿ ಬಾಡಿಗೆಗೆ ಖೋಲಿ ಸಿಗುವುದೇ ಕಷ್ಟವಾಗಿತ್ತು. ಮುಖ್ಯಾಧ್ಯಾಪಕಿಯವರು, "ವಿಜ್ಞಾನದ ನೀಲಮ್ಮ ಅಕ್ಕೋರ ಜೋಡಿ ಇರ್ರಿ, ಅವರೂ ಒಬ್ಬರ ಅದಾರ" ಎಂದು ನನ್ನನ್ನು ಅವರಲ್ಲಿಗೆ ಕಳಿಸಿದರು.

ಮೊದಲ ಮುಂಜಾನೆ ನಾನು ಹಾಸಿಗೆಯಲ್ಲೇ ಎದ್ದು ಕುಳಿತು ನೋಡಿದೆ. ಅಕ್ಕೋರು ಎಡತೋಳನ್ನು ಕುರ್ಚಿಯ ಬೆನ್ನಿಗೆ ಒತ್ತಿ, ಉಬ್ಬಿದ ಮಾಂಸಕ್ಕೆ ಸೂಜಿ ಇಳಿಸಿ, ಔಷಧಿ ದೂಡಿ, ಹತ್ತಿಯಿಂದ ಒರೆಸಿಕೊಂಡರು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಏನ್ರೀ ಅಕ್ಕೋರ ಇದು?" ಎಂದೆ.

"ಊಟದ ಮೊದಲನೇ ತುತ್ತು. ಇದು ಒಳಗ ಹೋಗದಿದ್ರ ಉಳಿದ ತುತ್ತು ಯಾವೂ ನನ್ನ ಮೈಗೆ ಹತ್ತಂಗಿಲ್ಲ. ಏಳು, ಮುಖಾ ತೊಳಕೋ. ನನಗ ರೊಟ್ಟಿ ತಿನ್ನೋ ಹೊತ್ತಾತು, ನಿನ್ನ ಹಾದಿ ಕಾಯಾಕ ಬರಂಗಿಲ್ಲ."

ಎತ್ತರದ, ಕಟ್ಟಿಗೆಯಂಥ ತೆಳು ಮೈ. ಮುಂದಕ್ಕೆ ಬಾಗಿ ಬಿರಬಿರನೆ ನಡೆಯುವ ರೀತಿ. ಕೈಗೆ ಗಂಡಸರು ಕಟ್ಟುವ ದೊಡ್ಡ ಗಡಿಯಾರ. ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು, ಅದರೊಳಗೆ ಸಕ್ಕರೆ. ಮದುವೆಗೆ ಕರೆದರೆ ಹೋಗುತ್ತಿದ್ದರು, ಆದರೆ ಪಂಕ್ತಿಯಲ್ಲಿ ಕುಳಿತು ತಮ್ಮದೇ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದರು. ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ. "ಮುದಗಲ್ಲಿನ ಸಾವಕಾರ್ರ ಮಗಳು, ಸೊಕ್ಕು" ಎಂದು ಜನ ಆಡಿಕೊಳ್ಳುತ್ತಿದ್ದರು. ಅಕ್ಕೋರ ಕಿವಿಗೂ ಅದು ಬೀಳುತ್ತಿತ್ತು. "ಸೊಕ್ಕು ಅನ್ಲಿ ಬಿಡು, ರೋಗಿಷ್ಟಿ ಅನ್ನೋದಕ್ಕಿಂತ ಪಾಡ ಐತಿ" ಎನ್ನುತ್ತಿದ್ದರು.

ಅವರ ಕತೆಯನ್ನು ಸ್ವಲ್ಪ ಸ್ವಲ್ಪವಾಗಿ ಅವರೇ ಹೇಳಿದ್ದು. ಮುದಗಲ್ ಕೋಟೆಯೊಳಗೆ ಮನೆ, ಪೇಟೆಯಲ್ಲಿ ಅಪ್ಪನ ಬಟ್ಟೆಯಂಗಡಿ. ಮೈನೆರೆದ ಹೊಸತರಲ್ಲಿ ನೀಲಮ್ಮನಿಗೆ ಇದ್ದಕ್ಕಿದ್ದಂತೆ ತಡೆಯಲಾರದ ನೀರಡಿಕೆ ಹತ್ತಿತು. ಕೊಡದ ಬಾಯಿಗೇ ಬಾಯಿ ಹಚ್ಚಿ ಕುಡಿಯುವಳು. ಎಷ್ಟು ತಿಂದರೂ ಸೊರಗುವಳು. ಬಚ್ಚಲಿಗೆ ಇರುವೆ ಮುತ್ತತೊಡಗಿದವು. ತಾಯತ ಕಟ್ಟಿದರು, ಹಕೀಮರ ಪುಡಿ ತಿನ್ನಿಸಿದರು. ಕೊನೆಗೆ ರಾಯಚೂರಿನ ವೈದ್ಯರೊಬ್ಬರು, ಈ ಹುಡುಗಿಯ ಮೈಯಲ್ಲಿ ಹುಟ್ಟಬೇಕಾದ ಒಂದು ರಸ ಹುಟ್ಟುತ್ತಿಲ್ಲ, ಅದನ್ನು ಇರುವತನಕ ಸೂಜಿಯಿಂದ ಕೊಡಬೇಕು ಎಂದರು. ಅಜ್ಜಿ ಎದೆ ಬಡಿದುಕೊಂಡು, "ದಿನಾ ಚುಚ್ಚಿಸಿಕೊಂಡು ಬದುಕೋದು ಹೆಣ್ಣಿಗೆ ಒಂದು ಬದುಕೇನು" ಎಂದಳು. ಅಪ್ಪ ಸಿರಿಂಜು ಹಿಡಿದವನು ಅಳುತ್ತ ಕುಳಿತ. ಹುಡುಗಿ ಅವನ ಕೈಯಿಂದ ಅದನ್ನು ತೆಗೆದುಕೊಂಡು, "ಅಪ್ಪಾ, ನೀ ಅತ್ತು ಮುಗಿಸು, ಅಷ್ಟರಾಗ ನಾ ಚುಚ್ಚಿಕೊಂತೀನಿ" ಎಂದಳಂತೆ.

"ಬಾಳ ದಿನ ಉಳಿಯಂಗಿಲ್ಲ ಅಂತ ಎಲ್ಲಾರೂ ಅಂದ್ರು. ನನಗ ಸಿಟ್ಟು ಬಂತು ನೋಡು ಶಾರದಾ. ಆ ಸಿಟ್ಟಿನ ಮ್ಯಾಲ ಮೆಟ್ರಿಕ್ ಮುಗಿಸಿದೆ, ಬಿಎಸ್ಸಿ ಮುಗಿಸಿದೆ" ಎಂದು ಹೇಳಿ ನಕ್ಕಿದ್ದರು.

ಶಾಲೆಯಲ್ಲಿ ನನ್ನ ತರಗತಿಗೂ ಅವರ ತರಗತಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಅವರು ಗ್ರಂಥಿಗಳ ಪಾಠ ತೆಗೆದ ದಿನ ನನ್ನ ಹುಡುಗಿಯರು ಸಂಧಿ ಸಮಾಸ ಬಿಟ್ಟು ತಟ್ಟಿಯತ್ತ ಕಿವಿ ಇಟ್ಟರು. ಗದರಬೇಕಾದ ನಾನೂ ಸುಣ್ಣದ ಕಡ್ಡಿ ಹಿಡಿದು ಸುಮ್ಮನೆ ನಿಂತೆ.

"ಉಗುಳು ಬರೋ ಗ್ರಂಥಿಗೆ ನಾಳ ಐತಿ, ಬೆವರಿಂದಕ್ಕೂ ಐತಿ. ನಾ ಇವತ್ತು ಹೇಳೋ ಗ್ರಂಥಿಗೆ ನಾಳ ಇಲ್ಲ. ಇವು ತಮ್ಮ ರಸಾನ ಸೀದಾ ರಕ್ತಕ್ಕ ಬಿಡ್ತಾವು. ಆ ರಸಕ್ಕ ಹಾರ್ಮೋನು ಅಂತಾರ. ರಕ್ತದ ಜೋಡಿ ಅದು ಮೈಯೆಲ್ಲಾ ತಿರಗತೈತಿ, ಆದ್ರ ಅದರ ಮಾತು ಯಾವ ಅಂಗಕ್ಕ ತಿಳಿತೈತೋ ಆ ಅಂಗ ಅಷ್ಟ ಓಗೊಡತೈತಿ. ಮಿದುಳಿನ ಬುಡಕ ಕಡಲಿಕಾಳಿನಷ್ಟು ಒಂದೈತಿ. ಅದು ಸಣ್ಣದಂತ ನಗಬ್ಯಾಡ್ರಿ, ಉಳಿದ ಬಾಳ ಗ್ರಂಥಿ ಅದರ ಹುಕುಂ ಕೇಳ್ತಾವು. ಕುತ್ತಿಗ್ಯಾಗಿಂದು ಸೋಮಾರಿ ಆದ್ರ ಮನಿಷ್ಯಾನೂ ಸೋಮಾರಿ ಆಗ್ತಾನ, ಬಾವು ಬರತೈತಿ, ಚಳಿ ಹತ್ತತೈತಿ. ಮನ್ಯಾಗ ಯಾರಿಗಾರ ಹಂಗಾದ್ರ ಮೈಗಳ್ಳಿ ಅಂತ ಬೈಬ್ಯಾಡ್ರಿ. ಇನ್ನ, ಎತ್ತು ಹಾಯಾಕ ಬಂದ್ರ ಎದಿ ದಡದಡ ಅಂತೈತಿ, ಕಾಲಿಗೆ ಎಲ್ಲಿಲ್ಲದ ಕಸುವು ಬರತೈತಿ. ಅದು ಮೂತ್ರಪಿಂಡದ ಮ್ಯಾಲ ಕುಂತ ಗ್ರಂಥಿ ಮಾಡೋ ಕೆಲಸ."

ಆಮೇಲೆ ಅವರು ತಮ್ಮ ಮಾತಿಗೆ ಬಂದರು.

"ಕಾಲುವಿ ತುಂಬ ನೀರೈತಿ. ತೂಬಿನ ಗೇಟು ಮುಚ್ಚೇತಿ. ಹೊಲದಾಗಿನ ಪೈರು ಏನಾಗತೈತಿ?"

"ಒಣಗತೈತ್ರೀ!"

"ನೀರಿಲ್ಲದಕ್ಕೇನು?"

"ನೀರೈತ್ರಿ, ಒಳಗ ಬರವಲ್ದು!"

"ಹಂಗ. ನನ್ನ ರಕ್ತದಾಗ ಸಕ್ರಿ ತುಂಬಿ ಹರಿತಿರತೈತಿ, ಮೈ ಉಪಾಸ ಸಾಯತೈತಿ. ಗೇಟು ಎತ್ತೋ ಆಳಿನ ಹೆಸರು ಇನ್ಸುಲಿನ್. ಹೊಟ್ಟಿ ಹಿಂದ ಮೇದೋಜೀರಕ ಅಂತ ಐತಿ, ಅಲ್ಲಿಂದ ಬರಬೇಕು. ನನ್ನ ಮೈಯಾಗ ಆ ಆಳು ಕೆಲಸ ಬಿಟ್ಟು ಹೋಗ್ಯಾನ. ಅದಕ್ಕ ನಾ ದಿನಾ ಹೊರಗಿನಿಂದ ಕರಸ್ತೀನಿ."

ಎರಡೂ ತರಗತಿಗಳು ಒಟ್ಟಿಗೇ ನಕ್ಕವು.

ಆ ಆಳನ್ನು ಕರೆಸುವುದು ಸುಲಭವಿರಲಿಲ್ಲ. ಔಷಧಿ ರಾಯಚೂರಿನಿಂದ ಬಸ್ಸಿನ ಡ್ರೈವರನ ಕೈಯಲ್ಲಿ ಬರಬೇಕು. ಬಂದದ್ದನ್ನು ನಮ್ಮ ಕಡೆಯ ಬಿಸಿಲಿನಿಂದ ಕಾಪಾಡಬೇಕು. ದಿನವೂ ಬಳಸುವ ಬಾಟ್ಲಿ ನಮ್ಮ ಖೋಲಿಯ ಮೂಲೆಯಲ್ಲಿ, ತೊಯ್ದ ಉಸುಕಿನ ಮೇಲಿಟ್ಟ ಮಣ್ಣಿನ ಗಡಿಗೆಯೊಳಗೆ. ಉಳಿದವು ದನದ ದವಾಖಾನೆಯ, ಸೀಮೆಎಣ್ಣೆಯಿಂದ ನಡೆಯುವ ತಂಪುಪೆಟ್ಟಿಗೆಯಲ್ಲಿ, ದನಗಳ ಲಸಿಕೆಯ ಪಕ್ಕ. ಅಲ್ಲಿನ ಕಂಪೌಂಡರ್ ಖಾಜಾಸಾಬ ಅಕ್ಕೋರನ್ನು ಕಂಡಾಗಲೆಲ್ಲ, "ನಿಮ್ಮವು ಖೈರಿಯತ್ ಅದಾವ್ರಿ ಬಾಯಾರ, ಎಮ್ಮಿಗೆ ಕೊಟ್ಟಿಲ್ಲ" ಎನ್ನುತ್ತಿದ್ದ.

ಅವರೊಡನೆ ಇರುವವರು ಕಲಿಯಲೇಬೇಕಾದ ಪಾಠವೊಂದನ್ನು ನನಗೆ ಮೊದಲ ವಾರವೇ ಹೇಳಿದ್ದರು. "ಸೂಜಿ ತಗೊಂಡ ಮ್ಯಾಲ ಊಟ ತಡಾ ಆದ್ರ ಸಕ್ರಿ ಪೂರಾ ಇಳಿದುಬಿಡತೈತಿ. ಆವಾಗ ನಾ ಬೆವರ್ತೀನಿ, ನಡಗ್ತೀನಿ, ಬಾಯಿಗೆ ಬಂದಂಗ ಮಾತಾಡ್ತೀನಿ. ಎಚ್ಚರ ಇರೋದ್ರಾಗ ಬಾಯಾಗ ಸಕ್ರಿ ಹಾಕು. ಒಲ್ಲೆ ಅಂತೀನಿ, ಬೈತೀನಿ. ಕೇಳಬ್ಯಾಡ. ಒಲ್ಲೆ ಅನ್ನೋದು ನಾ ಅಲ್ಲ, ಹಸಿದ ಮಿದುಳು."

ಅದು ನಡೆದದ್ದು ಮಸ್ಕಿಯ ಹತ್ತಿರ. ರಜೆ ಮುಗಿಸಿ ಇಬ್ಬರೂ ಸಿಂಧನೂರಿಗೆ ಹೊರಟಿದ್ದೆವು. ಬಸ್ಸು ಕೆಟ್ಟು ನಿಂತಿತು. ಅಕ್ಕೋರ ಬುತ್ತಿ ಬಸ್ಸಿನ ಮೇಲಿನ ಸಾಮಾನುಗಳ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಬೇವಿನ ಮರದ ಕೆಳಗೆ ಕುಳಿತಿದ್ದವರು ಒಮ್ಮೆಲೇ ಎದ್ದು ಡ್ರೈವರನನ್ನು ಏಕವಚನದಲ್ಲಿ ಬೈಯತೊಡಗಿದರು. ಎಂದೂ ಯಾರನ್ನೂ ಹಾಗೆ ಬೈದವರಲ್ಲ. ಮುಖವೆಲ್ಲ ಬೆವರು, ಮೈ ತೂಗಾಡುತ್ತಿತ್ತು, ಕೂದಲು ಬಿಚ್ಚಿಕೊಂಡಿತ್ತು. ಬುತ್ತಿ ಇಳಿಸಲು ಬಸ್ಸಿನ ಬಳಿ ಹೋಗಿದ್ದ ನಾನು ಓಡಿ ಬರುವಷ್ಟರಲ್ಲಿ ಹೆಂಗಸರು ಸುತ್ತುವರಿದು ಕೈ ಮುಗಿದು ನಿಂತಿದ್ದರು. "ಅವ್ವ ಮೈಮ್ಯಾಲ ಬಂದಾಳ!" ಯಾರೋ ಬೇವಿನ ಟೊಂಗೆ ಮುರಿದು ಕೊಟ್ಟರು, ಯಾರೋ ಹಣೆ ತುಂಬ ಕುಂಕುಮ ಬಳಿದರು. ಮುದುಕಿಯೊಬ್ಬಳು ಕಾಲಿಗೆ ಬಿದ್ದು, "ನನ್ನ ಮಗಗ ಮಕ್ಕಳಾಗ್ತಾವೇನು ಹೇಳು ತಾಯಿ" ಎಂದು ಹಿಡಿದ ಕಾಲು ಬಿಡಲೊಲ್ಲಳು.

ನಾನು ನುಗ್ಗಿ ಸೆರಗಿನ ಗಂಟು ಬಿಚ್ಚಲು ಹೋದೆ. ಗಂಟು ಬಿಚ್ಚಲಿಲ್ಲ, ಹಲ್ಲಿನಿಂದ ಹರಿದೆ. ಅಕ್ಕೋರು "ಒಲ್ಲೆ, ಸರಿಯಲೇ" ಎಂದು ನನ್ನ ಕೆನ್ನೆಗೆ ಹೊಡೆದರು. ಜನ ನನ್ನನ್ನೇ ಎಳೆಯತೊಡಗಿದರು. "ದೇವರಿಗೆ ಕೈ ಹಚ್ಚತೀಯೇನು ಹುಡುಗಿ!" ನಾನು ಗಟ್ಟಿಯಾಗಿ, "ದೇವರು ಸಕ್ರಿ ಬೇಡಾಕತ್ತಾಳ!" ಎಂದು ಕೂಗಿದೆ. ಎಲ್ಲರೂ ಹಿಂದೆ ಸರಿದರು. ಒಬ್ಬಾಕೆ ತನ್ನ ಗಂಟಿನ ಬೆಲ್ಲವನ್ನೂ ಕೊಟ್ಟಳು. ಎರಡನ್ನೂ ಅಕ್ಕೋರ ಬಾಯಿಗೆ ತುರುಕಿದೆ.

ಸ್ವಲ್ಪ ಹೊತ್ತಿಗೆ ಅಕ್ಕೋರ ಕಣ್ಣಿಗೆ ಬೆಳಕು ಬಂತು. ಕೈಯಲ್ಲಿದ್ದ ಬೇವನ್ನೂ ಕಾಲು ಹಿಡಿದ ಮುದುಕಿಯನ್ನೂ ನೋಡಿದರು. ಮುದುಕಿ ಮತ್ತೆ ಅದನ್ನೇ ಕೇಳಿದಳು. ಅಕ್ಕೋರು ಆಕೆಯನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು, "ಮಗನ್ನೂ ಸೊಸಿನ್ನೂ ಇಬ್ಬರನ್ನೂ ದವಾಖಾನಿಗೆ ಕರಕೊಂಡು ಹೋಗವ್ವ. ಸೊಸಿ ಒಬ್ಬಾಕಿನ್ನ ಅಲ್ಲ, ಇಬ್ಬರನ್ನೂ" ಎಂದರು. ಮುದುಕಿ ದೇವಿಯ ಮಾತೆಂದೇ ತಲೆಯಾಡಿಸಿದಳು.

ಆ ವರ್ಷದ ಮಳೆಗಾಲದಲ್ಲಿ ಹುಲಿಗೆಮ್ಮನ ಸಂಗತಿ ಬಂತು. ಮುಕ್ಕುಂದದ ರೈತ ಅಮರಪ್ಪನ ಮಗಳು ಆಕೆ. ಸಿಂಧನೂರಿನ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ಮತ್ತೆ ಮತ್ತೆ ನೀರಿಗೆ ಏಳುವುದು, ಮತ್ತೆ ಮತ್ತೆ ಹೊರಗೆ ಹೋಗುವುದು. ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿಕೊಂಡು ಬಂದಿದ್ದಳು. ಅಕ್ಕೋರು ಒಂದು ದಿನ ಆಕೆಯ ಮೂತ್ರ ತರಿಸಿ, ನೀಲಿ ದ್ರಾವಣಕ್ಕೆ ಕೆಲವು ಹನಿ ಹಾಕಿ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡುತ್ತಿದ್ದಂತೆ ಇಟ್ಟಿಗೆಯ ಕೆಂಪಾಯಿತು, ಸಕ್ಕರೆ ಮಿತಿಮೀರಿದ ಗುರುತು. ಪರೀಕ್ಷಾನಳಿಕೆ ಕೆಳಗಿಟ್ಟು ಅಕ್ಕೋರು, ಹುಡುಗಿಯನ್ನು ದವಾಖಾನೆಗೆ ಒಯ್ಯಬೇಕೆಂದು ಅಪ್ಪನಿಗೆ ಹೇಳಿ ಕಳಿಸಿದರು.

ಸುದ್ದಿ ಮುಟ್ಟಿದ ಕೂಡಲೇ ಅಮರಪ್ಪ ಬಂದು ಮಗಳನ್ನು ದವಾಖಾನೆಗಲ್ಲ, ಊರಿಗೆ ಕರೆದೊಯ್ದ. ಆಕೆಗೆ ಪಾಮನಕಲ್ಲೂರಿನಲ್ಲಿ ಮದುವೆ ಗೊತ್ತಾಗಿತ್ತು. ಭಾನುವಾರ ನಾವಿಬ್ಬರೂ ಮುಕ್ಕುಂದಕ್ಕೆ ಹೋದೆವು. ಹುಡುಗಿ ಒಳಗೆ ಮಲಗಿದ್ದಳು, ಹೊರಗೆ ಬರಗೊಡಲಿಲ್ಲ. ಅಜ್ಜಿ, "ಮೈಯಾಗ ಉಷ್ಣ ಆಗೇತಿ, ಬೇರು ತೇದು ಕುಡಸಾಕತ್ತೀವಿ, ಇಳಿತೈತಿ" ಎಂದಳು.

"ಇದು ಬೇರಿಗೆ ಇಳಿಯೋದಲ್ಲ ಅಮರಪ್ಪ. ನನಗ ಬಂದಿದ್ದ ಇದು" ಎಂದರು ಅಕ್ಕೋರು.

ಅಮರಪ್ಪ ನೆಲ ನೋಡುತ್ತ ಹೇಳಿದ. "ತಪ್ಪು ತಿಳಿಬ್ಯಾಡ್ರಿ ಅಕ್ಕೋರ. ಸೂಜಿ ಅಂತ ಗೊತ್ತಾದ್ರ ಆ ಮಂದಿ ಹಿಂದ ಸರಿತಾರ. ನಿಮಗ ಮದಿವಿ ಇಲ್ಲ, ಮಕ್ಕಳಿಲ್ಲ. ನಮ್ಮ ಸಂಕಟ ನಿಮಗ ಹೆಂಗ ತಿಳಿಬೇಕು?"

ನನಗೆ ಮುಖಕ್ಕೆ ಹೊಡೆದಂತಾಯಿತು. ಅಕ್ಕೋರು ಮಾತ್ರ ದನಿ ಏರಿಸಲಿಲ್ಲ. "ಹೌದು, ನಂದು ಆಗಲಿಲ್ಲ. ಆಗಲಿಲ್ಲಂದ್ರೂ ಬದುಕಬಹುದು ಅಂತ ತೋರಸಾಕ ಬಂದೀನಿ. ನನ್ನ ನೋಡು. ಉಣತೀನಿ, ದುಡಿತೀನಿ, ನಗತೀನಿ. ನಿನ್ನ ಮಗಳಿಗೆ ಇನ್ನ ಬಾಳ ದಿನ ಇಲ್ಲ. ಉಸಿರು ಜೋರಾದ್ರ, ಬಾಯಾಗ ಕೊಳೆತ ಹಣ್ಣಿನ ವಾಸನಿ ಬಂದ್ರ, ಯಾರನ್ನೂ ಕೇಳಬ್ಯಾಡ. ಬಂಡಿ ಹೂಡು."

ಬರಿಗೈಯಲ್ಲಿ ತಿರುಗಿ ಬಂದೆವು. ಅಂದಿನಿಂದ ಮಳೆ ಹಿಡಿಯಿತು. ಮಸ್ಕಿಯ ಹಳ್ಳ ತುಂಬಿ ಬಂತು, ರಾಯಚೂರಿನ ದಾರಿಯೂ ಕಡಿಯಿತು, ಬಸ್ಸುಗಳು ನಿಂತವು. ಒಂದು ಮುಂಜಾನೆ ನಾವು ಶಾಲೆಗೆ ಹೊರಡುವಾಗ ಅಮರಪ್ಪನ ಬಂಡಿ ನಮ್ಮ ಬಾಗಿಲಿಗೇ ಬಂದು ನಿಂತಿತು. ಗೋಣಿಚೀಲದ ಕೆಳಗೆ ಹುಲಿಗೆಮ್ಮ. ಕಣ್ಣು ಅರ್ಧ ತೆರೆದಿತ್ತು. ಓಡಿ ಬಂದವರಂತೆ ಆಳವಾಗಿ ಉಸಿರಾಡುತ್ತಿದ್ದಳು. ಆ ವಾಸನೆ ನನಗೂ ಬಡಿಯಿತು. ಅಕ್ಕೋರು "ಶಾರದಾ, ಬಂಡಿ ದವಾಖಾನಿಗೆ ನಡಸು" ಎಂದವರೇ ದನದ ದವಾಖಾನೆಯತ್ತ ಮಳೆಯಲ್ಲಿ ಓಡಿದರು.

ಸರಕಾರಿ ದವಾಖಾನೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಮನುಷ್ಯ. ಕೂಡಲೇ ಸಲೈನ್ ಹಚ್ಚಿದರು. ಇನ್ಸುಲಿನ್ ಆಗ ಸಣ್ಣ ಊರುಗಳಲ್ಲಿ ಸಿಗುವ ಔಷಧಿಯಲ್ಲ. "ರಾಯಚೂರಿಗೆ ಕಳಸಬೇಕು, ದಾರಿ ಇಲ್ಲ. ಏನು ಮಾಡ್ಲಿ?" ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಅಕ್ಕೋರು ತೊಯ್ದ ಸೆರಗಿನಲ್ಲಿ ಎರಡು ಬಾಟ್ಲಿ ತಂದು ಮೇಜಿನ ಮೇಲಿಟ್ಟರು.

"ಇದು ಜಲ್ದಿ ಕೆಲಸ ಮಾಡೋ ಔಷಧಿನ ಐತ್ರಿ. ಹಾಕ್ರಿ."

"ಈ ಸ್ಥಿತಿಗೆ ಬಾಳ ಬೇಕಾಗತೈತಿ. ನಿಮಗ ಏನು ಉಳಿತೈತಿ ಅಕ್ಕೋರ?"

"ಖೋಲ್ಯಾಗ ಒಂದು ಬಾಟ್ಲಿ ತಳದಾಗ ಸ್ವಲ್ಪ ಐತಿ. ನನಗ ಹಸಿವು ತಡಿಯೋದು ರೂಢಿ ಐತ್ರಿ. ಆಕಿಗೆ ಇನ್ನೂ ಕಲಸಿಲ್ಲ. ಹಾಕ್ರಿ ಸಾಹೇಬ್ರ, ಹೊತ್ತು ಹೋಗಾಕತ್ತೈತಿ."

ದಿನವಿಡೀ ಡಾಕ್ಟರು ಆ ಹಾಸಿಗೆ ಬಿಟ್ಟು ಕದಲಲಿಲ್ಲ. ಮತ್ತೆ ಮತ್ತೆ ಮೂತ್ರ ಕಾಯಿಸಿ ನೋಡುವ ಕೆಲಸ ಅಕ್ಕೋರದು. ಸಂಜೆಗೆ ಉಸಿರು ಹದಕ್ಕೆ ಬಂತು. ಮರುದಿನ ಹುಲಿಗೆಮ್ಮ ಕಣ್ಣು ತೆರೆದು, "ಯಪ್ಪಾ, ಹಸಿವಾಗೇತಿ" ಎಂದಳು. ಅಮರಪ್ಪ ಗೋಡೆಗೆ ತಿರುಗಿ ನಿಂತ. ಬೆನ್ನು ಮಾತ್ರ ಅಲುಗುತ್ತಿತ್ತು.

ಅಕ್ಕೋರ ಕಷ್ಟ ಶುರುವಾದದ್ದು ಅಲ್ಲಿಂದ. ಎರಡೂ ಬಾಟ್ಲಿಗಳು ಹುಡುಗಿಗೇ ಬೇಕಾದವು. ತಮ್ಮ ಪಾಲಿನ ಔಷಧಿಯನ್ನು ಅವರು ಅರ್ಧ ಮಾಡಿದರು, ಮತ್ತೆ ಅರ್ಧ ಮಾಡಿದರು. ರೊಟ್ಟಿ ಬಿಟ್ಟು ಸೊಪ್ಪು, ಮಜ್ಜಿಗೆಯಲ್ಲೇ ದಿನ ದೂಡುತ್ತಿದ್ದರು. ತಟ್ಟಿಯಾಚೆ ಪಾಠ ಮಾಡುವಾಗ ಅವರು ನೀರು ಕುಡಿಯುವ ಸದ್ದು ನನಗೆ ಕೇಳುತ್ತಿತ್ತು, ಮತ್ತೆ ಕೇಳುತ್ತಿತ್ತು. ನಾನು ತಡೆಯಲಾರದೆ, "ಅಕ್ಕಾ, ನೀವು ಸತ್ತ್ರ ಆಕಿ ಬದುಕಿ ಏನು ಬಂತು?" ಎಂದು ಅತ್ತುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ನಾ ಸಾಯಾಕ ಮಾಡಿಲ್ಲ ಇದನ್ನ. ಇಬ್ಬರೂ ಉಳಿಬೇಕಂತ ಮಾಡೀನಿ. ಮುದಗಲ್ಲಿಗೆ ಒಂದು ಮಾತು ಮುಟ್ಟಿದ್ರ ಸಾಕು, ಅಣ್ಣ ನನ್ನ ಸಲುವಾಗಿ ಯಾವಾಗಲೂ ಬಾಟ್ಲಿ ತರಿಸಿಟ್ಟಿರ್ತಾನ" ಎಂದರು.

ಬಾಗಿಲಲ್ಲಿ ನಿಂತಿದ್ದ ಅಮರಪ್ಪ ಅದನ್ನು ಕೇಳಿಸಿಕೊಂಡ. ಆಗಲೇ ಹೊರಟುಬಿಟ್ಟ. ನಡೆದು ಮಸ್ಕಿ ಮುಟ್ಟಿ, ಹಳ್ಳದ ದಂಡೆಯಲ್ಲಿ ಕಾದು, ನೀರು ಎದೆಮಟ್ಟಕ್ಕೆ ಇಳಿದ ಕೂಡಲೇ ಕುರುಬರ ಹಿಂಡಿನ ಗಂಡಸರ ಕೈಹಿಡಿದು ದಾಟಿದನಂತೆ. ಆಚೆ ಲಿಂಗಸುಗೂರು, ಅಲ್ಲಿಂದ ಮುದಗಲ್. ಬರುವಾಗ ತೊಯ್ದ ಬಟ್ಟೆಯಲ್ಲಿ ಬಾಟ್ಲಿಗಳನ್ನು ಸುತ್ತಿ, ರುಮಾಲಿನಲ್ಲಿ ತಲೆಗೆ ಕಟ್ಟಿಕೊಂಡು ಅದೇ ಹಳ್ಳ ದಾಟಿ ಬಂದ. ನಮ್ಮ ಖೋಲಿಯ ಹೊಸ್ತಿಲಲ್ಲಿ ಕುಳಿತು ರುಮಾಲು ಬಿಚ್ಚಿದ. ಒಂದೂ ಒಡೆದಿರಲಿಲ್ಲ. ಅಕ್ಕೋರು ಸೂಜಿ ಕುದಿಯಲಿಟ್ಟರು. ಆ ಸಂಜೆ ಅವರು ಒಂದಿಡೀ ಜೋಳದ ರೊಟ್ಟಿ ತಿಂದದ್ದನ್ನು ನಾನೂ ಅಮರಪ್ಪನೂ ಜಾತ್ರೆ ನೋಡುವವರಂತೆ ಕುಳಿತು ನೋಡಿದೆವು.

ಪಾಮನಕಲ್ಲೂರಿನವರು ಸಂಬಂಧ ಬಿಟ್ಟರು. "ಹೋಗ್ಲಿ ಬಿಡ್ರಿ" ಎಂದ ಅಮರಪ್ಪ. ಹುಲಿಗೆಮ್ಮ ನಮ್ಮ ಖೋಲಿಯಲ್ಲಿ ಬದನೆಕಾಯಿಗೆ ನೀರು ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡು, ಆಮೇಲೆ ತನ್ನ ತೊಡೆಗೆ ತಾನೇ ಚುಚ್ಚಿಕೊಂಡಳು. ಮೆಟ್ರಿಕ್ ಆದ ಮೇಲೆ ಹೊಲಿಗೆ ಕಲಿತು ಸಿಂಧನೂರಿನಲ್ಲೇ ಮಷಿನ್ ಹಾಕಿದಳು.

ನಾನು ಮದುವೆಯಾಗಿ ಲಿಂಗಸುಗೂರಿಗೆ ತಿರುಗಿ ಬಂದೆ. ಅಕ್ಕೋರು ಇನ್ನೂ ಕೆಲವು ವರ್ಷ ಕಲಿಸಿದರು. ಆಮೇಲೆ ಅವರ ಕಣ್ಣಿನೊಳಗಿನ ಸಣ್ಣ ರಕ್ತನಾಳಗಳು ಒಡೆಯತೊಡಗಿದವು. ಈ ರೋಗ ವರ್ಷಗಟ್ಟಲೆ ಕಾದು ಅದನ್ನೂ ಮಾಡುತ್ತದೆ. ಕರಿಹಲಗೆ ಕಾಣದಾದಾಗ ಕೆಲಸ ಬಿಟ್ಟು ಮುದಗಲ್ಲಿಗೆ ಹೋದರು. ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ಮೂತ್ರಪಿಂಡ ಸೋತು ತೀರಿಕೊಂಡರು. ಬಾಳ ದಿನ ಉಳಿಯುವುದಿಲ್ಲ ಎಂದವರೆಲ್ಲ ಅವರಿಗಿಂತ ಎಷ್ಟೋ ಮೊದಲೇ ಹೋಗಿದ್ದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಆ ವರ್ಷದ ಬೇಸಿಗೆಯಲ್ಲಿ. ಒಂದಿಷ್ಟು ಹೊತ್ತು ಕುಳಿತು ಮಾತಾಡಿಸಿ ಬರೋಣವೆಂದು ಮುದಗಲ್ಲಿಗೆ ಹೋದರೆ, ಅಕ್ಕೋರು ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರು. ಕಾಲು ಬಾತಿದ್ದವು. ದನಿ ಕೇಳಿಯೇ ಗುರುತು ಹಿಡಿದರು.

"ಶಾರದಾ ಏನು? ಚಲೋ ಆತು ಬಂದಿ. ಕುಂದರಾಕ ಹೊತ್ತಿಲ್ಲ, ಬಸ್‌ಸ್ಟ್ಯಾಂಡಿಗೆ ಕರಕೊಂಡು ನಡಿ."

ಸಿಂಧನೂರಿನ ಹತ್ತಿರದ ಕ್ಯಾಂಪಿನಲ್ಲಿ, ಆಂಧ್ರದಿಂದ ಬಂದು ನೆಲೆಸಿದವರ ಮನೆಯ ಸಣ್ಣ ಮಗುವೊಂದಕ್ಕೆ ಇದೇ ರೋಗ ಬಂದಿದೆ ಎಂದು ಹುಲಿಗೆಮ್ಮ ಹೇಳಿ ಕಳಿಸಿದ್ದಳಂತೆ. ಡಾಕ್ಟರು ಎಲ್ಲ ತಿಳಿಸಿದ್ದರೂ ತಾಯಿಗೆ ತನ್ನ ಕೂಸಿಗೆ ಚುಚ್ಚುವ ಧೈರ್ಯ ಬರುತ್ತಿಲ್ಲ.

ಇಬ್ಬರೂ ಒಂದೇ ಬಸ್ಸಿನಲ್ಲಿ ಲಿಂಗಸುಗೂರಿನ ತನಕ ಬಂದೆವು. ದಾರಿಯುದ್ದಕ್ಕೂ ನನ್ನ ಮಕ್ಕಳ ಓದು ಕೇಳಿದರು. ತಮ್ಮ ಮೈಯ ಸುದ್ದಿ ಎತ್ತಲಿಲ್ಲ. ನಾನು ಇಳಿಯುವ ಮುನ್ನ ಅವರ ಕೈ ಹಿಡಿದುಕೊಂಡೆ.

"ಸಾಕು ಮಾಡ್ರಿ ಅಕ್ಕಾ. ಕಣ್ಣು ಕಾಣಂಗಿಲ್ಲ, ಕಾಲು ಬಾತಾವು. ಸಿರಿಂಜಿನ ಮ್ಯಾಲಿನ ಗೆರಿ ಸೈತ ನಿಮಗ ಕಾಣಂಗಿಲ್ಲ. ಅಲ್ಲಿ ಹೋಗಿ ಏನು ಕಲಸ್ತೀರಿ?"

"ಗೆರಿ ನೋಡಾಕ ಹುಲಿಗೆಮ್ಮ ಅದಾಳ. ಆ ತಾಯಿ ಕೈ ನಡಗತಾವಂತ ಶಾರದಾ. ಅದಕ್ಕ ಕಣ್ಣು ಬೇಕಿಲ್ಲ. ಆಕಿ ಕೈ ಮ್ಯಾಲ ನನ್ನ ಕೈ ಇಟ್ರ ಸಾಕು" ಎಂದರು. ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟರು. "ಇಳಿ ಜಲ್ದಿ. ನಿನ್ನ ಸಲುವಾಗಿ ಬಸ್ಸು ನಿಂತೈತಿ."

ನಾನು ಇಳಿದೆ. ಬಸ್ಸು ಮಸ್ಕಿಯ ದಾರಿ ಹಿಡಿಯಿತು.